ಬಾಗಿಲ ಹಿಂದಿನ ಎರಡು

ಲಕ್ಷ್ಮಣಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಧರ್ಮಕ್ಕೆ ಹೆದರಿ ಹೇಳುತ್ತಿರಲಿಲ್ಲ ಎಂದರೆ ಅದೇ ಒಂದು ಸುಳ್ಳಾದೀತು. ಸುಳ್ಳು ಹೇಳಿದವನಿಗೆ ಜ್ಞಾಪಕಶಕ್ತಿ ಬೇಕು. ದೇವರು ಅವನಿಗೆ ಅದೊಂದನ್ನು ಕೊಡುವುದಕ್ಕೆ ಮರೆತಿದ್ದ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ತಡಕುವವನು, ಸೋಮವಾರವೆಂದುಕೊಂಡು ಮಂಗಳವಾರ ಉಪವಾಸ ಕೂರುವವನು, ತನ್ನ ರೂಮಿಗೆ ಬಾಡಿಗೆಗೆ ಬಂದ ಮಲಕಪ್ಪನನ್ನು ಆರು ತಿಂಗಳ ಕಾಲ ಬಸಲಿಂಗ ಎಂದು ಕರೆದವನು. ಮಲಕಪ್ಪ ಒಳ್ಳೆಯವನು, ಎರಡನೆಯ ತಿಂಗಳಿಂದ ಆ ಹೆಸರಿಗೇ ಓಗೊಡುತ್ತಿದ್ದ. ಇಂಥ ಲಕ್ಷ್ಮಣಪ್ಪ ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ ಒಂದು ಸುಳ್ಳು ಹೇಳಿದ. ದೊಡ್ಡದೇನಲ್ಲ, “ಹೂಂ” ಎಂದ. ಅಷ್ಟಕ್ಕೇ ಎರಡು ಜಿಲ್ಲೆಗಳ ಆರೋಗ್ಯ ಇಲಾಖೆ ಎದ್ದು ಕೂತಿತು.

ಅವನ ಮನೆ ಹೆಬ್ಬಗೋಡಿಯಿಂದ ಒಳಕ್ಕೆ, ಹೊಸೂರು ರಸ್ತೆಯ ಬಸ್ಸುಗಳ ಹಾರ್ನು ಕೇಳಿಸುವಷ್ಟು ದೂರದಲ್ಲಿತ್ತು. ಹಿಂದೆ ರಾಗಿ ಹೊಲವಾಗಿದ್ದ ಜಾಗ. ಈಗ ಮುಂದುಗಡೆ ಹಳೆಯ ಹೆಂಚಿನ ಮನೆ, ಹಿಂದುಗಡೆ ಶೀಟು ಹೊದಿಸಿದ ಆರು ರೂಮು. ರೂಮುಗಳಲ್ಲಿ ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೂ ಫ್ಯಾಕ್ಟರಿಗೂ ಬಂದವರು. ಹೊತ್ತು ಹುಟ್ಟುವ ಮೊದಲೇ ಬೀಗ ಹಾಕಿ ಹೋದರೆ ದೀಪ ಹಚ್ಚಿದ ಮೇಲೆ ಬರುವರು. ಅವರ ಹೆಸರು ನಾಲಿಗೆಗೆ ಹತ್ತುವ ಮೊದಲೇ ಬೇರೆ ಕಡೆ ಕೆಲಸ ಸಿಕ್ಕಿ ಹೊರಟುಬಿಡುವರು. ಮೂವತ್ತು ಜನರ ಮಧ್ಯೆ ಇದ್ದೂ ದಿನವೆಲ್ಲ ಒಂದು ಮಾತು ಆಡದೆ ಇರುವುದಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳ ಮತ್ತೊಂದಿಲ್ಲ.

ಮಕ್ಕಳಿರಲಿಲ್ಲ. ಹೆಂಡತಿ ಸೊಣ್ಣಮ್ಮ ಹಿಂದಿನ ಕಾರ್ತಿಕದಲ್ಲಿ ಎದೆ ನೋವೆಂದು ಮಲಗಿದವಳು ಮೂರನೆಯ ದಿನ ಹೋಗಿಬಿಟ್ಟಿದ್ದಳು. ಅವಳು ಬಿಟ್ಟುಹೋದ ಸೀರೆಗಳನ್ನು ನಾದಿನಿಯರು ಹಂಚಿಕೊಂಡರು. ಅವಳ ಎಮ್ಮೆಯನ್ನು ಮಾರಿದ್ದಾಯಿತು. ಉಳಿದದ್ದು ಬೀದಿ ಬಾಗಿಲ ಹಿಂದಿನ ಗೋಡೆಯ ಮೇಲೆ ಒಂದು ಅಂಕಿ.

ಆ ಅಂಕಿಯ ಕಥೆ ಇಷ್ಟು. ಮಲೇರಿಯಾ ಕೆಲಸದವರು ಪ್ರತಿ ಮನೆಯ ಬಾಗಿಲ ಹಿಂದೆ, ಮಳೆ ನೀರು ತಾಗದ ಕಡೆ, ತಗಡಿನ ಅಚ್ಚಿಟ್ಟು ಕೆಮ್ಮಣ್ಣಿನಲ್ಲಿ ಒಂದು ಚೌಕ ಬರೆಯುತ್ತಾರೆ. ಮೇಲೆ ಮನೆಯಲ್ಲಿರುವ ಜನರ ಸಂಖ್ಯೆ. ಕೆಳಗೆ ಚೌಕಾಬಾರದ ಹಾಗೆ ಸಣ್ಣ ಸಣ್ಣ ಮನೆಗಳು. ಹದಿನೈದು ದಿನಕ್ಕೊಮ್ಮೆ ಬಂದು, ಯಾರಿಗಾದರೂ ಜ್ವರವೇ ಎಂದು ಕೇಳಿ, ಒಂದು ಮನೆಯಲ್ಲಿ ತಾರೀಖು ಬರೆದು ಸಹಿ ಹಾಕಿ ಹೋಗಬೇಕು. ಮೂರು ವರ್ಷದ ಹಿಂದೆ ಚೌಕ ಹಾಕಿದವಳು ಅವಸರದಲ್ಲಿ ಎರಡು ಎಂಬ ಅಂಕಿಯನ್ನು ಸೊಟ್ಟಗೆ ಬರೆಯಹೊರಟಳು. ಸೊಣ್ಣಮ್ಮ ಕುಂಚ ಕಿತ್ತುಕೊಂಡು ತಾನೇ ಬರೆದಳು. ಎರಡನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರಗಳೆಲ್ಲ ಅವಳನ್ನು ಬಿಟ್ಟುಹೋಗಿದ್ದವು, ಹಾಲು ರಾಗಿ ಅಳೆದು ಅಳೆದು ಹತ್ತರವರೆಗೆ ಕನ್ನಡದ ಅಂಕಿ ಮಾತ್ರ ಉಳಿದಿತ್ತು. ದೊಡ್ಡದಾಗಿ ೨ ಎಂದು ಬರೆದಳು. ಅದರ ಬಾಲ ಚೌಕದ ಗೆರೆ ದಾಟಿ ಬಾಗಿಲ ಚೌಕಟ್ಟಿನವರೆಗೆ ಹೋಯಿತು. ಬೇರೆಲ್ಲ ಕಡೆ ಅವಳದು ಹೆಬ್ಬೆಟ್ಟು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವಳ ಕೈಬರಹವೆಂದು ಇದ್ದದ್ದು ಅದೊಂದೇ. ಯುಗಾದಿಗೆ ಸುಣ್ಣ ಬಳಿಸುವಾಗ ಲಕ್ಷ್ಮಣಪ್ಪ ಬಾಗಿಲ ಹಿಂದೆ ಬಳಿಯಗೊಡಲಿಲ್ಲ. ಸುಣ್ಣದವನು ಇದೆಂಥ ಜಿಪುಣತನ ಎಂದು ಗೊಣಗಿಕೊಂಡು ಹೋದ.

ಯುಗಾದಿ ಕಳೆದ ಮೇಲೆ ಹೊಸ ಆಶಾ ಕಾರ್ಯಕರ್ತೆ ಬಂದಳು. ಶಾಂತಿ ಎಂದು ಹೆಸರು, ಪಕ್ಕದ ಹಳ್ಳಿಯವಳು. ಜನ ಹೆಚ್ಚಾದರೆಂದು ಬೀದಿಗಳನ್ನು ಹೊಸದಾಗಿ ಹಂಚಿ ಈ ಬೀದಿಯನ್ನು ಅವಳಿಗೆ ಕೊಟ್ಟಿದ್ದರು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ. ಎದುರು ಮನೆ ಅಶ್ವತ್ಥಮ್ಮನ ಸೊಸೆ ತವರಿಗೆ ಹೋಗಿದ್ದಕ್ಕೆ ಅವಳು ಅಲ್ಲಿಯ ಐದನ್ನು ಒರೆಸಿ ನಾಲ್ಕು ಮಾಡಿದ್ದನ್ನು ಲಕ್ಷ್ಮಣಪ್ಪ ಜಗಲಿಯಿಂದಲೇ ನೋಡಿದ್ದ. ಈಗ ಅವಳು ಇವನ ಬಾಗಿಲ ಹಿಂದೆ ಇಣುಕಿ, ಒದ್ದೆ ಬಟ್ಟೆಯನ್ನು ಮಡಿಸಿ ಹಿಡಿದು ಕೇಳಿದಳು.

“ತಾತ, ಮನೇಲಿ ಇಬ್ರೇನಾ?”

ಲಕ್ಷ್ಮಣಪ್ಪ ಬಟ್ಟೆಯನ್ನು ನೋಡಿದ. ಗೋಡೆಯನ್ನು ನೋಡಿದ.

“ಹೂಂ,” ಎಂದ.

ಶಾಂತಿ ತಾರೀಖು ಬರೆದು ಸಹಿ ಹಾಕಿ ಹೋದಳು. ಅಂಕಿ ಉಳಿಯಿತು. ಅಲ್ಲಿಗೆ ಮುಗಿಯಬೇಕಾದ ವಿಷಯ. ಆದರೆ ಸರ್ಕಾರದ ಪುಸ್ತಕದಲ್ಲಿ ಇಬ್ಬರೆಂದು ಬಿದ್ದ ಮೇಲೆ ಹದಿನೈದು ದಿನಕ್ಕೊಮ್ಮೆ ಇಬ್ಬರ ಆರೋಗ್ಯವನ್ನೂ ಕೇಳಬೇಕಲ್ಲ. ಅಜ್ಜಿ ಎಲ್ಲಿ ಎಂದು ಕೇಳಿದಳು. ಲಕ್ಷ್ಮಣಪ್ಪ ಮೊದಲ ಸಲ ಸ್ನಾನಕ್ಕೆ ಹೋಗಿದ್ದಾಳೆ ಎಂದ. ಎರಡನೆಯ ಸಲವೂ ಸ್ನಾನವೆಂದೇ ಹೇಳಿದ. ಹದಿನೈದು ದಿನದ ಸ್ನಾನ ತನಗೇ ಸರಿಕಾಣದೆ, ಮೂರನೆಯ ಸಲ ಅವಳನ್ನು ತಿರುಪತಿಗೆ ಕಳಿಸಿದ. ಅಲ್ಲಿಂದ ಆಚೆಗೆ ಸುಲಭವಾಯಿತು. ಒಂದು ಸಲ ಧರ್ಮಸ್ಥಳ, ಒಂದು ಸಲ ಮೇಲುಕೋಟೆ. ಬದುಕಿದ್ದಾಗ ಬೀದಿಯಿಂದ ಯಾತ್ರೆಯ ಬಸ್ಸು ಹೊರಟಾಗಲೆಲ್ಲ ಅವಳು ನಾವೂ ಹೋಗೋಣವೆಂದು ಕೇಳಿದ್ದ ಊರುಗಳು ಇವೇ. ನೋಡೋಣ ಎಂದು ಇವನು ಹೇಳುತ್ತಿದ್ದ. ಮಾಲೂರಿನ ತಮ್ಮನ ಮನೆ ಬಿಟ್ಟು ಅವಳು ಎಲ್ಲಿಗೂ ಹೋದವಳಲ್ಲ. ಈಗ ಇವನು ಯಾವುದಕ್ಕೂ ಇಲ್ಲವೆನ್ನಲಿಲ್ಲ.

ಶಾಂತಿ ಬರುವ ದಿನ ಬೆಳಿಗ್ಗೆಯೇ ಅವನು ಕ್ಷೌರ ಮಾಡಿಸಿಕೊಂಡು, ಎರಡು ಲೋಟ ಮಜ್ಜಿಗೆ ಮಾಡಿ, ಒಂದರ ಮೇಲೆ ತಟ್ಟೆ ಮುಚ್ಚಿಡುವನು. ಮುಚ್ಚಿದ್ದು ಸೊಣ್ಣಮ್ಮನಿಗೆಂದು ಹೇಳುವನು. ಅವಳಿಗೆ ಮಜ್ಜಿಗೆಗೆ ಶುಂಠಿ ಜಾಸ್ತಿ ಬೇಕು, ಅವಳು ಕೋಪ ಬಂದರೆ ಪಾತ್ರೆ ಜೋರಾಗಿ ಇಡುತ್ತಾಳೆ, ಅವಳಿಗೆ ಎಡಗಾಲು ನೋವು ಎಂದೆಲ್ಲ ವಿವರಿಸುವನು. ಐದು ನಿಮಿಷದ ಮಾತು. ಹದಿನೈದು ದಿನದಲ್ಲಿ ಅವನು ಆಡುತ್ತಿದ್ದ ಮಾತು ಅಷ್ಟೇ.

“ಕಾಲು ನೋವು ಅಂತೀರಾ, ಅಜ್ಜಿ ಮಾತ್ರ ಒಂದು ಕಡೆ ನಿಲ್ಲಲ್ಲ,” ಎಂದು ಶಾಂತಿ ಒಮ್ಮೆ ಅಂದಳು. “ನಾನೇ ಇನ್ನೂ ತಿರುಪತಿ ನೋಡಿಲ್ಲ ತಾತ.”

ಲಕ್ಷ್ಮಣಪ್ಪನಿಗೆ ಆ ದಿನವೆಲ್ಲ ಹೆಮ್ಮೆ.

ಶ್ರಾವಣದಲ್ಲಿ ನಾಗರಪಂಚಮಿಗೆ ಊರಿಗೆ ಹೋಗಿದ್ದ ಮಲಕಪ್ಪ ಉಂಡೆಯ ಗಂಟಿನ ಜೊತೆಗೆ ಚಳಿಜ್ವರವನ್ನೂ ಕಟ್ಟಿಕೊಂಡು ಬಂದ. ಅವನ ಹೆಂಡತಿ ಹೊಳೆವ್ವ ನಾಲ್ಕು ಕಂಬಳಿ ಹೊದಿಸಿ ಮೇಲೆ ತಾನೂ ಕೂತಳು. ಆದರೂ ಮಂಚ ಗಡಗಡ ಅಂದಿತು. ಶಾಂತಿ ಬಂದು ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡು ಹೋದಳು. ಮಲೇರಿಯಾ ಎಂದು ಬಂತು. ಹದಿನಾಲ್ಕು ದಿನ ಮಾತ್ರೆ ಕೊಟ್ಟರು, ವಾರದೊಳಗೆ ಅವನು ಎದ್ದು ಕೆಲಸಕ್ಕೂ ಹೋದ. ಮಲಕಪ್ಪನ ಮಟ್ಟಿಗೆ ಮಲೇರಿಯಾ ಮುಗಿಯಿತು. ದೇಶದ ಮಟ್ಟಿಗೆ ಅದು ಆಗ ಶುರುವಾಯಿತು.

ಆ ವರ್ಷ ಎರಡು ಸಾವಿರದ ಹದಿನೇಳು. ಎರಡು ಸಾವಿರದ ಮೂವತ್ತರೊಳಗೆ ಇಡೀ ದೇಶದಲ್ಲಿ ಮಲೇರಿಯಾ ಎಂಬುದೇ ಇರಕೂಡದು ಎಂದು ದೆಹಲಿಯಲ್ಲಿ ದೊಡ್ಡವರು ಕೂತು ತೀರ್ಮಾನಿಸಿದ್ದರು. ತೀರ್ಮಾನ ಒಳ್ಳೆಯದೇ. ಆದರೆ ದೆಹಲಿಯಲ್ಲಿ ಹತ್ತಿಯಂತೆ ಹಗುರವಾಗಿದ್ದ ಮಾತು ಮೆಟ್ಟಲು ಇಳಿದ ಹಾಗೆಲ್ಲ ತೂಕ ಹೆಚ್ಚಿಸಿಕೊಂಡಿತು. ದೆಹಲಿ ರಾಜ್ಯಕ್ಕೆ ಹೇಳಿತು, ರಾಜ್ಯ ಜಿಲ್ಲೆಗೆ ಹೇಳಿತು, ಜಿಲ್ಲೆ ತಾಲ್ಲೂಕಿಗೆ ಗದರಿತು, ತಾಲ್ಲೂಕು ಹೆಲ್ತ್ ಇನ್ಸ್‌ಪೆಕ್ಟರ್ ಚನಬಸಪ್ಪನವರಿಗೆ ಬರೆದು ತಿಳಿಸಿತು. ಒಂದು ಮನೆಯಲ್ಲಿ ಮಲೇರಿಯಾ ಕಂಡರೆ ಸುತ್ತಲಿನ ಐವತ್ತು ಮನೆಯ ಪ್ರತಿಯೊಬ್ಬರ ರಕ್ತ ಪರೀಕ್ಷೆಯಾಗಬೇಕು. ಆಮೇಲೆ ಆ ಮನೆಗಳಿಗೆಲ್ಲ ಔಷಧಿ ಹಚ್ಚಿದ ಸೊಳ್ಳೆ ಪರದೆ ಹಂಚಬೇಕು. ಎಲ್ಲವೂ ನೂರಕ್ಕೆ ನೂರು ಆಗಬೇಕು.

ಚನಬಸಪ್ಪನವರು ರಿಟೈರಾಗುವುದಕ್ಕೆ ಎರಡು ವರ್ಷವಿತ್ತು. ಅವರ ಆಯುಸ್ಸಿನಲ್ಲಿ ಯಾವುದರಲ್ಲೂ ನೂರಕ್ಕೆ ನೂರು ಬಂದಿರಲಿಲ್ಲ. ಈ ಒಂದು ಸಲ ಬರಲೇಬೇಕೆಂದು ಅವರು ಮನೆದೇವರಿಗೆ ಹೇಳಿಕೊಂಡು ಸ್ಕೂಟರು ಹತ್ತಿದರು. ಐದು ದಿನ ಬೀದಿ ಬೀದಿ ಸುತ್ತಿದರು. ನೀರಿನ ಡ್ರಮ್ಮುಗಳನ್ನು ಬೋರಲು ಹಾಕಿಸಿದರು. ಫ್ಯಾಕ್ಟರಿ ಬಸ್ಸು ಹತ್ತುತ್ತಿದ್ದವರನ್ನು ಮೆಟ್ಟಿಲ ಮೇಲೆಯೇ ಹಿಡಿದು ಬೆರಳು ಚುಚ್ಚಿಸಿದರು. ಐವತ್ತು ಮನೆಯ ಜನ ಇನ್ನೂರ ಹದಿಮೂರು. ಶುಕ್ರವಾರ ಸಂಜೆಗೆ ಗಾಜಿನ ಪಟ್ಟಿಗಳು ಇನ್ನೂರ ಹನ್ನೆರಡು.

ದೇಶ ದೊಡ್ಡದು; ನೂರ ಮೂವತ್ತು ಕೋಟಿ ಜನ. ಅಷ್ಟು ದೊಡ್ಡ ದೇಶದ ಮಲೇರಿಯಾ ಕೆಲಸ ಬಂದು ನಿಂತದ್ದು ಒಬ್ಬ ಸೊಣ್ಣಮ್ಮನ ಬೆರಳಿನ ತುದಿಯಲ್ಲಿ. ಚಿತ್ರಗುಪ್ತನ ಪುಸ್ತಕ ದಾಟಿಹೋದವಳನ್ನು ಚನಬಸಪ್ಪನವರ ಪುಸ್ತಕ ಹಿಡಿದುಕೊಂಡಿತ್ತು.

ಅವರು ಶಾಂತಿಯನ್ನು ಹಿಂದೆ ಕೂರಿಸಿಕೊಂಡು ಬಂದು ಜಗಲಿಯ ಮೇಲೆ ಕೂತು, ನಿಮ್ಮ ಮನೆಯವರೆಲ್ಲಿ ಎಂದು ಕೇಳಿದರು. ಲಕ್ಷ್ಮಣಪ್ಪನಿಗೆ ತಾನು ಕೊನೆಯ ಸಲ ಹೆಂಡತಿಯನ್ನು ಯಾವ ಊರಿಗೆ ಕಳಿಸಿದ್ದೆನೆಂಬುದು ಮರೆತುಹೋಗಿತ್ತು. ಅವನು ಶಾಂತಿಯ ಮುಖ ನೋಡಿದ. ಅವಳು ಪಾಪ, ನೆರವಾಗಲೆಂದು, “ಘಾಟಿ ಸುಬ್ರಹ್ಮಣ್ಯ ಅಂದಿದ್ರಲ್ಲ ತಾತ,” ಎಂದಳು.

“ಹೂಂ, ಘಾಟಿ.”

“ಹನ್ನೆರಡು ದಿನದಿಂದ ಘಾಟಿಯಲ್ಲೇ ಇದಾರಾ?” ಎಂದರು ಚನಬಸಪ್ಪ. “ಅಲ್ಲಿ ಏನು ಮಾಡ್ತಿದಾರೆ, ಪೂಜಾರಿಕೇನಾ?”

ಲಕ್ಷ್ಮಣಪ್ಪ ಬೆವೆತ. ಘಾಟಿಯಿಂದ ಅವಳು ನೇರವಾಗಿ ಮಾಲೂರಿನ ಹತ್ತಿರ ತಮ್ಮನ ಮನೆಗೆ ಹೋದಳೆಂದ. ತಮ್ಮನ ಹೆಸರು ಕೇಳಿದರು. ಮುನಿಯಣ್ಣ ಎಂದ. ಹಳ್ಳಿ ಕೇಳಿದರು, ಹೇಳಿದ. ಮನೆ ಎಲ್ಲಿ ಎಂದರು. ಹುಣಿಸೆಮರದ ಪಕ್ಕ ಎಂದ. ಅನುಭವಸ್ಥನಾಗಿದ್ದರೆ ಸುಳ್ಳು ಹೇಳುವಾಗ ವಿಳಾಸವನ್ನೂ ಸುಳ್ಳೇ ಹೇಳುತ್ತಿದ್ದ. ಅವನದು ಹೊಸ ಕೈ.

ಚನಬಸಪ್ಪನವರು ಅಲ್ಲಿಂದಲೇ ಫೋನು ಮಾಡಿದರು. ಮಾಲೂರು ಬೇರೆ ಜಿಲ್ಲೆ, ಆದರೆ ಅಲ್ಲಿಯವರಿಗೂ ನೂರಕ್ಕೆ ನೂರು ಬೇಕಿತ್ತು. ಹೊರಗಿನಿಂದ ಮಲೇರಿಯಾ ತಮ್ಮ ಜಿಲ್ಲೆಗೆ ಬಂದು ಕೂತಿದೆಯೆಂದರೆ ಬಿಟ್ಟಾರೆಯೇ? ಮರುದಿನ ಬೆಳಗಾಗುತ್ತಲೇ ಅಲ್ಲಿಯ ಆರೋಗ್ಯ ಕಾರ್ಯಕರ್ತನೊಬ್ಬ ಹುಣಿಸೆಮರದ ಪಕ್ಕದ ಮನೆಯ ಬಾಗಿಲು ತಟ್ಟಿದ. ಮುನಿಯಣ್ಣ ಹಾಲು ಕರೆಯುತ್ತಿದ್ದ. ಬಾಗಿಲು ತೆರೆದವಳು ಅವನ ಹೆಂಡತಿ ಅನುಸೂಯಮ್ಮ. ನಿಮ್ಮ ಮನೆಯಲ್ಲಿ ಸೊಣ್ಣಮ್ಮ ಎಂಬುವರು ಬಂದು ಇದ್ದಾರಂತೆ, ಅವರನ್ನು ಕರೆಯಿರಿ, ಒಂದು ತೊಟ್ಟು ರಕ್ತ ಬೇಕು, ಎಂದು ಆ ಮನುಷ್ಯ ಮರ್ಯಾದೆಯಿಂದಲೇ ಹೇಳಿದ.

ಅನುಸೂಯಮ್ಮ ಕಿಟಾರನೆ ಕಿರುಚಿ ಬಾಗಿಲು ಹಾಕಿಕೊಂಡಳು. ಅವಳು ಹೆದರಿದ್ದಕ್ಕೆ ಕಾರಣವಿತ್ತು. ಸೊಣ್ಣಮ್ಮನ ತಾಮ್ರದ ಬಿಂದಿಗೆಯನ್ನು ಹೋದ ವರ್ಷ ಹಬ್ಬಕ್ಕೆಂದು ತಂದವಳು, ಅತ್ತಿಗೆ ಸತ್ತ ಮೇಲೆ ಇನ್ನು ಯಾರು ಕೇಳುತ್ತಾರೆಂದು ಅಟ್ಟಕ್ಕೆ ಹಾಕಿದ್ದಳು. ಅದಕ್ಕೇ ಬಂದಿದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು. ಸರ್ಕಾರದವರ ಕಣ್ಣಿಗೂ ಬಿದ್ದಿದ್ದಾಳೆ, ತನ್ನ ಕಣ್ಣಿಗೆ ಬೀಳುವುದೊಂದು ಬಾಕಿ.

ಮುಚ್ಚಿದ ಬಾಗಿಲ ಮುಂದೆ ನಿಂತ ಕಾರ್ಯಕರ್ತ ತನಗೆ ತಿಳಿದಂತೆ ವರದಿ ಕೊಟ್ಟ: ಮನೆಯವರು ಸದರಿ ಸೊಣ್ಣಮ್ಮನನ್ನು ಒಳಗೆ ಬಚ್ಚಿಟ್ಟಿದ್ದಾರೆ, ರಕ್ತ ಪರೀಕ್ಷೆಗೆ ನಿರಾಕರಿಸಿದ್ದಾರೆ. ನಿರಾಕರಣೆ ಎಂಬ ಮಾತು ಬಿದ್ದರೆ, ಹೆಸರು ಯಾವ ತಾಲ್ಲೂಕಿನ ಪುಸ್ತಕದಲ್ಲಿದೆಯೋ ಆ ತಾಲ್ಲೂಕಿನ ಅಧಿಕಾರಿಯೇ ಮನೆಗೆ ಹೋಗಿ ಒಪ್ಪಿಸಬೇಕೆಂದು ನಿಯಮ.

ಇತ್ತ ಬೀದಿಯಲ್ಲಿ ಬೇರೆಯೇ ಒಲೆ ಹತ್ತಿಕೊಂಡಿತ್ತು. ಎದುರು ಮನೆಯ ಅಶ್ವತ್ಥಮ್ಮನಿಗೂ ಲಕ್ಷ್ಮಣಪ್ಪನಿಗೂ ಚರಂಡಿಯ ವಿಷಯಕ್ಕೆ ಎರಡು ವರ್ಷದಿಂದ ಮಾತಿರಲಿಲ್ಲ. ಸೊಣ್ಣಮ್ಮ ಸತ್ತಾಗ ಮಾತ್ರ ಬಂದು ಅತ್ತು ಹೋಗಿದ್ದಳು. ತಾತನ ಹೆಂಡತಿ ಮಾಲೂರಿನಿಂದ ಯಾವಾಗ ಬರುತ್ತಾರೆಂದು ಶಾಂತಿ ಹೋಗಿ ಅವಳನ್ನು ವಿಚಾರಿಸಿದಳು. ಎಷ್ಟು ದಿನದಿಂದ ಹೆಂಡತಿ ಎಂದು ಅಶ್ವತ್ಥಮ್ಮ ಕೇಳಿದಳು. ನಾನು ಬಂದಾಗಿನಿಂದ ಇದ್ದಾರೆ, ಆದರೆ ಮುಖ ನೋಡಿಲ್ಲ, ಹೊರಗೇ ಬರುವುದಿಲ್ಲ ಎಂದಳು ಶಾಂತಿ. ಅಶ್ವತ್ಥಮ್ಮನಿಗೆ ಇನ್ನೇನೂ ಕೇಳಬೇಕಾಗಲಿಲ್ಲ. ಮುಖ ತೋರಿಸದ ಹೆಂಡತಿ ಎಂದ ಮೇಲೆ ವಯಸ್ಸು ಎಷ್ಟಿರಬಹುದೆಂದು ಅವಳೇ ಅಂದಾಜು ಮಾಡಿದಳು. ಸಂಜೆ ಹಾಲಿನ ಡೈರಿಗೆ ಹೋದಾಗ ಅದು ಮೂವತ್ತೈದಿತ್ತು. ಮರುದಿನ ಬೆಳಿಗ್ಗೆ ಡೈರಿಯಿಂದ ವಾಪಸು ಬಂದಾಗ ಇಪ್ಪತ್ತೆಂಟಾಗಿತ್ತು.

ಲಕ್ಷ್ಮಣಪ್ಪನಿಗೆ ಇದು ಯಾವುದೂ ತಿಳಿಯದು. ಅವನಿಗೆ ಕಂಡದ್ದು, ಊರು ಇದ್ದಕ್ಕಿದ್ದಂತೆ ತನ್ನ ಕಡೆ ನೋಡುತ್ತಿದೆ ಎಂಬುದು. ಹತ್ತು ತಿಂಗಳಿಂದ ತಲೆಯೆತ್ತದ ಕಿರಾಣಿ ಅಂಗಡಿಯವನು ನಕ್ಕು, ಇನ್ನೇನು ಬೇಕು ಯಜಮಾನರೇ ಎಂದು ಎರಡು ಸಲ ಕೇಳಿದ. ದೇವಸ್ಥಾನದಲ್ಲಿ ಪೂಜಾರಿ ತೀರ್ಥ ಕೊಡುವಾಗ ಕೈ ತಡೆದು ನಿಟ್ಟುಸಿರು ಬಿಟ್ಟ. ಹೊಳೆವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದು ಬಾಗಿಲಲ್ಲಿ ನಿಂತು, “ಹೊಸಾ ಅಮ್ಮಾರು ಬಂದಾಗ ನಮ್ಮನ್ನ ರೂಮು ಬಿಡಸಬ್ಯಾಡ್ರಿ ಯಜಮಾನ್ರ, ಇವರಿಗೆ ಈಗಷ್ಟ ಜ್ವರಾ ಬಿಟ್ಟೈತಿ,” ಎಂದು ಕಣ್ಣಿಗೆ ಸೆರಗು ಹಚ್ಚಿದಳು. ಲಕ್ಷ್ಮಣಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ. ಆಗಲಿ ಎಂದ. ರೊಟ್ಟಿ ಚೆನ್ನಾಗಿತ್ತು. ತನಗೆಂದು ಒಬ್ಬರು ಮಾಡಿ ತಂದ ಊಟವನ್ನು ಅವನು ಕಾರ್ತಿಕದಿಂದೀಚೆಗೆ ತಿಂದಿರಲಿಲ್ಲ.

ಮುಂದಿನ ಶನಿವಾರ ಶಾಲೆಯ ಬಯಲಿನಲ್ಲಿ ಸೊಳ್ಳೆ ಪರದೆ ಹಂಚುವ ಸಮಾರಂಭ. ಶಾಮಿಯಾನ ಕಟ್ಟಿದ್ದರು, ಮೈಕು ಅರಚುತ್ತಿತ್ತು. ಚನಬಸಪ್ಪನವರ ಭಾಷಣದಲ್ಲಿ ಶೇಕಡಾ ಎಂಬ ಪದದ ಮುಂದೆ ಇನ್ನೂ ಜಾಗ ಖಾಲಿ ಬಿಟ್ಟಿತ್ತು. ಹತ್ತು ಗಂಟೆಗೆ ಜೀಪು ಬಂದು ಶಾಲೆಯ ಮುಂದೆ ನಿಲ್ಲದೆ ಲಕ್ಷ್ಮಣಪ್ಪನ ಮನೆಯ ಮುಂದೆ ನಿಂತಿತು. ತಾಲ್ಲೂಕಿನ ಡಾಕ್ಟರಮ್ಮ ಇಳಿದರು. ಹಿಂದೆ ಚನಬಸಪ್ಪ, ಅವರ ಹಿಂದೆ ಶಾಂತಿ. ಜೀಪಿನ ಧೂಳು ಅಡಗುವ ಮೊದಲೇ ಮಾಲೂರಿನ ಕಡೆಯಿಂದ ಬಂದ ಆಟೋದಿಂದ ಮುನಿಯಣ್ಣನೂ ಅನುಸೂಯಮ್ಮನೂ ಇಳಿದರು. ಅವಳ ಸೊಂಟದ ಮೇಲೆ ತಾಮ್ರದ ಬಿಂದಿಗೆ, ಬಿಂದಿಗೆಯ ಕತ್ತಿಗೆ ನಿಂಬೆಹಣ್ಣಿನ ಸರ. ಎದುರಿನಿಂದ ಅಶ್ವತ್ಥಮ್ಮ ಎರಡು ವರ್ಷದಲ್ಲಿ ಮೊದಲ ಸಲ ಚರಂಡಿ ದಾಟಿ ಬಂದಳು. ಪರದೆಗೆ ಸಾಲು ನಿಂತಿದ್ದವರು ಸಾಲು ಸಮೇತ ಇಲ್ಲಿಗೆ ಬಂದರು.

ಡಾಕ್ಟರಮ್ಮ ಸಮಾಧಾನದ ಹೆಂಗಸು. ಅಜ್ಜಿಗೆ ಸೂಜಿಯೆಂದರೆ ಭಯವೇ ಎಂದು ಮೆತ್ತಗೆ ಕೇಳಿದರು.

“ಅವಳು ಯಾವುದಕ್ಕೂ ಹೆದರೋಳಲ್ಲ ತಾಯಿ,” ಎಂದ ಲಕ್ಷ್ಮಣಪ್ಪ.

ಅಷ್ಟರಲ್ಲಿ ಅನುಸೂಯಮ್ಮ ನುಗ್ಗಿ ಬಂದು ಬಿಂದಿಗೆಯನ್ನು ಅವನ ಕಾಲ ಬಳಿ ಇಟ್ಟಳು. “ಅಣ್ಣ, ತಗಾ, ಬಿಂದಿಗೆ ತಂದಿವ್ನಿ. ಅತ್ತಿಗೆಗೆ ಏಳ್ಬುಡು, ನಮ್ಮನೆ ಕಡೆ ಬರೋದು ಬ್ಯಾಡ ಅಂತ.”

ಮುನಿಯಣ್ಣನಿಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಾಗಿತ್ತು. “ಏನ್ ಬಾವ ಇದು? ಅಕ್ಕನ್ ಕರ್ಮಾಂತ್ರ ನಾನೂ ನೀನೂ ನಿಂತ್ಕಂಡು ಮಾಡಿಲ್ವಾ? ಈಗ ನೋಡಿದ್ರೆ ಅವ್ಳು ನಮ್ಮನೇಲಿ ಅವ್ಳೆ ಅಂತ ಸರ್ಕಾರಕ್ಕೆ ಏಳಿದ್ದೀಯಂತೆ.”

ಅವಳೇ ಬೇರೆ, ಇವಳೇ ಬೇರೆ, ಇವಳು ಹೊಸಬಳು, ಎಂದು ಅಶ್ವತ್ಥಮ್ಮ ಹಿಂದಿನಿಂದ ತಿದ್ದಿದಳು. ವರ್ಷ ತುಂಬುವ ಮೊದಲೇ ಎಂದೂ ಸೇರಿಸಿದಳು. ಹೊಳೆವ್ವ ಅಳು ತೆಗೆದಳು. ಚನಬಸಪ್ಪನವರು ಪುಸ್ತಕ ತಿರುವಿ, ಹಾಗಾದರೆ ಈ ಮನೆಯಲ್ಲಿ ಮೂವರೇ ಎಂದು ಗಾಬರಿಯಾದರು; ಇನ್ನೂರ ಹದಿನಾಲ್ಕಾದರೆ ಶೇಕಡಾ ಇನ್ನೂ ಇಳಿಯುತ್ತದೆ.

ಲಕ್ಷ್ಮಣಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನ ಮನೆಯ ಮುಂದೆ ಅಷ್ಟು ಜನ ಸೇರಿದ್ದು ಹೆಣ ಎತ್ತಿದ ದಿನ. ಅದು ಬಿಟ್ಟರೆ ಇವತ್ತೇ. ಕೊನೆಗೆ ಅವನ ಕಣ್ಣು ಶಾಂತಿಯ ಮೇಲೆ ನಿಂತಿತು. ಡಾಕ್ಟರಮ್ಮನಿಗೆ ಹೇಳಬೇಕಾದ್ದನ್ನು ಅವಳಿಗೆ ಹೇಳಿದ.

“ಸೊಣ್ಣಮ್ಮ ತೀರ್ಕೊಂಡು ಹತ್ತು ತಿಂಗಳಾಯ್ತಮ್ಮ. ಇನ್ಯಾರೂ ಇಲ್ಲ. ನಾನೊಬ್ಬನೇ ಇರೋದು.”

ಮೈಕು ದೂರದಲ್ಲಿ ಹಲೋ ಹಲೋ ಎನ್ನುತ್ತಿತ್ತು. ಮೊದಲು ಚೇತರಿಸಿಕೊಂಡವರು ಚನಬಸಪ್ಪನವರು. ಅವರ ತುಟಿ ಅಲ್ಲಾಡಿತು, ಬೆರಳು ಮಡಿಚಿಕೊಂಡವು, ಮುಖ ದೀಪ ಹಚ್ಚಿದ ಹಾಗೆ ಬೆಳಗಿತು.

“ಮೇಡಂ, ಹಾಗಾದ್ರೆ ಇನ್ನೂರ ಹನ್ನೆರಡಕ್ಕೆ ಇನ್ನೂರ ಹನ್ನೆರಡು. ನೂರಕ್ಕೆ ನೂರು ಮೇಡಂ. ತುಂಬಾ ಒಳ್ಳೇದಾಯ್ತು ಲಕ್ಷ್ಮಣಪ್ಪನವರೇ.” ಕೈ ಕುಲುಕಲು ಮುಂದೆ ಬಂದವರು ಡಾಕ್ಟರಮ್ಮನ ಮುಖ ನೋಡಿ ಅದೇ ಕೈಯನ್ನು ಇನ್ನೊಂದು ಕೈಗೆ ಸೇರಿಸಿ, ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ ಎಂದು ಮುಗಿದರು. ಆಮೇಲೆ, ಹಾಗಾದರೆ ಗೋಡೆಯ ಮೇಲಿನದನ್ನು ಈಗಲೇ ತಿದ್ದಿಬಿಡೋಣ, ಎಂದು ಶಾಂತಿಯ ಚೀಲದಿಂದ ಒದ್ದೆ ಬಟ್ಟೆಯನ್ನು ತಾವೇ ತೆಗೆದುಕೊಂಡರು.

ಲಕ್ಷ್ಮಣಪ್ಪನಿಗೆ ಅರವತ್ತೇಳು ಎಂದು ಆಗ ಯಾರೂ ಹೇಳುತ್ತಿರಲಿಲ್ಲ. ಒಂದೇ ನೆಗೆತಕ್ಕೆ ಹೊಸಲು ದಾಟಿ, ಬೀದಿ ಬಾಗಿಲಿಗೂ ಗೋಡೆಗೂ ನಡುವೆ ಸೇರಿಕೊಂಡು, ಬಾಗಿಲನ್ನು ತನ್ನ ಮೇಲೆ ಎಳೆದುಕೊಂಡುಬಿಟ್ಟ. ಹೊರಗಿನವರಿಗೆ ಬಾಗಿಲ ಕೆಳಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು, ಅದರಲ್ಲೊಂದಕ್ಕೆ ಚಪ್ಪಲಿ. ಚನಬಸಪ್ಪನವರು ಬಾಗಿಲಿನ ಜೊತೆ ಮಾತಾಡಿದರು. ಇದು ಸರ್ಕಾರದ ಚೌಕ, ತಪ್ಪು ಅಂಕಿ ಇರಕೂಡದು, ಯಾರಾದರೂ ತನಿಖೆಗೆ ಬಂದರೆ ನನ್ನ ಪಿಂಚಣಿಗೆ ಸಂಚಕಾರ, ಎಂದು ಬಾಗಿಲಿಗೆ ತಿಳಿಯಹೇಳಿದರು. ಮುನಿಯಣ್ಣ, ಬಾವ ಈಚೆ ಬಾ, ಮಾನ ಓಯ್ತದೆ ಎಂದ. ಬಾಗಿಲು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು.

“ಅದು ಅವಳು ಬರ್ದಿದ್ದು. ಅಳಿಸ್ಬೇಡಿ.”

ಅಶ್ವತ್ಥಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬರೆಯುವಾಗ ಅವಳೂ ಜಗಲಿಯಲ್ಲಿ ನಿಂತು ನೋಡಿದ್ದವಳೇ.

ಶಾಂತಿ ಪೆನ್ಸಿಲು ತೆಗೆದುಕೊಂಡು, ಒಂದು ನಿಮಿಷ ಸಾರ್ ಎಂದು ಹೇಳಿ, ಪಕ್ಕಕ್ಕೆ ತಿರುಗಿ ಬಾಗಿಲ ಸಂದಿನಲ್ಲಿ ನುಸುಳಿದಳು. ಈಗ ಬಾಗಿಲ ಕೆಳಗೆ ನಾಲ್ಕು ಪಾದ. ಗೋಡೆಯ ಮೇಲೆ ಪೆನ್ಸಿಲು ಕರಕರ ಎಂದಿತು. ಈಚೆ ಬಂದು ಅವಳು ತಗ್ಗಿದ ದನಿಯಲ್ಲಿ ವರದಿ ಒಪ್ಪಿಸಿದಳು.

“ಸಾರ್, ಆ ಚೌಕ ತುಂಬೋಗಿದೆ. ಒಂದು ಮನೇನೂ ಖಾಲಿ ಇಲ್ಲ. ರೂಲ್ ಪ್ರಕಾರ ಹೊಸದು ಹಾಕ್ಬೇಕು.”

ಚನಬಸಪ್ಪನವರಿಗೆ ಮೊನ್ನೆ ನಾಲ್ಕು ಮನೆ ಖಾಲಿ ಕಂಡ ನೆನಪು. ಅವರು ಬಾಯಿ ತೆರೆದರು. ಡಾಕ್ಟರಮ್ಮ ಶಾಂತಿಯ ಬೆರಳಿಗೆ ಹತ್ತಿದ್ದ ಸೀಸದ ಮಸಿಯನ್ನು ನೋಡಿ, ತುಂಬಿದ ಮೇಲೆ ಹೊಸದು ಹಾಕಲೇಬೇಕಲ್ಲ ಚನಬಸಪ್ಪನವರೇ, ಹಳೆಯದನ್ನು ಅಳಿಸಬೇಕೆಂದು ಯಾವ ಸುತ್ತೋಲೆಯಲ್ಲೂ ಇಲ್ಲ, ಎಂದು ಹೇಳಿ ಜೀಪಿನ ಕಡೆ ನಡೆದರು.

ಹೊಸ ಚೌಕ ಎದುರಿನ ಗೋಡೆಗೆ ಬಂತು. ಅಂಕಿ ಬರೆಯುವ ಹೊತ್ತಿಗೆ ಶಾಂತಿ ಕುಂಚವನ್ನು ಲಕ್ಷ್ಮಣಪ್ಪನ ಕೈಗೆ ಕೊಟ್ಟಳು. ಅವನೂ ಕನ್ನಡದಲ್ಲೇ ೧ ಎಂದು ಬರೆದ. ಸೊನ್ನೆಯ ಹಾಗೆ ಕಾಣುತ್ತಿದೆ, ಬಾಯಿ ಸ್ವಲ್ಪ ತೆರೆಯಿರಿ ಎಂದರು ಚನಬಸಪ್ಪ. ಅವನು ಎಷ್ಟು ತಿದ್ದಿದರೂ ಅದು ಸೊನ್ನೆಯ ಹಾಗೆಯೇ ಕಂಡಿತು.

ಸಮಾರಂಭದಲ್ಲಿ ಅವನಿಗೂ ಒಂದು ಸೊಳ್ಳೆ ಪರದೆ ಕೊಟ್ಟರು. ಇಬ್ಬರಿಗೆ ಒಂದು ಎಂದು ನಿಯಮ. ಒಬ್ಬನಿಗೆ ಅರ್ಧ ಹರಿದು ಕೊಡುವುದಕ್ಕಾಗುವುದಿಲ್ಲವಾದ್ದರಿಂದ ಒಬ್ಬನಿಗೂ ಒಂದೇ. ಪೊಟ್ಟಣದ ಮೇಲೆ ಗಂಡ ಹೆಂಡತಿ ಪರದೆಯೊಳಗೆ ಮಲಗಿರುವ ಚಿತ್ರವಿತ್ತು. ಅವನು ಅದನ್ನು ಒಡೆಯದೆ ಗೋಡೆಯ ಮಾಡಿನಲ್ಲಿ ಇಟ್ಟ. ಹತ್ತು ತಿಂಗಳಿಂದ ಮಾತು ಬಿಟ್ಟಿದ್ದ ಬೀದಿ ಎರಡು ದಿನ ಬಂದು ಮಾತಾಡಿಸಿ ಹೋಯಿತು. ಅಶ್ವತ್ಥಮ್ಮ ಬಸ್ಸಾರು ಕಳಿಸಿದಳು. ಮೂರನೆಯ ದಿನ ಡೈರಿಯಲ್ಲಿ ಬೇರೆ ಯಾರದೋ ಸುದ್ದಿ ಹುಟ್ಟಿ, ಬೀದಿ ಅತ್ತ ಹೋಯಿತು. ಅನುಸೂಯಮ್ಮ ಮಾತ್ರ, ಅತ್ತಿಗೆ ನಿಜವಾಗಿಯೂ ಬರುತ್ತಿಲ್ಲವೆಂದು ಮೂರು ಸಲ ಕೇಳಿ ಖಚಿತ ಮಾಡಿಕೊಂಡು, ತಾಮ್ರದ ಬಿಂದಿಗೆಯನ್ನು ಮತ್ತೆ ಸೊಂಟದ ಮೇಲಿಟ್ಟುಕೊಂಡು ಬಸ್ಸು ಹತ್ತಿದ್ದಳು.

ಹದಿನೈದು ದಿನ ಕಳೆಯಿತು. ಲಕ್ಷ್ಮಣಪ್ಪ ಬೆಳಿಗ್ಗೆ ಕ್ಷೌರಕ್ಕೆ ಹೊರಟವನು ಅರ್ಧ ದಾರಿಯಿಂದ ಹಿಂದಕ್ಕೆ ಬಂದ. ಮಜ್ಜಿಗೆ ಒಂದೇ ಲೋಟ ಮಾಡಿದ. ಶಾಂತಿ ಬಂದಳು. ಜ್ವರವೇನಾದರೂ ಬಂದಿತ್ತೇ ಎಂದು ಕೇಳಿದಳು. ಇಲ್ಲವೆಂದ. ಹೊಸ ಚೌಕದ ಮೊದಲ ಮನೆಯಲ್ಲಿ ತಾರೀಖು ಹಾಕಿ ಸಹಿ ಮಾಡಿದಳು. ಮಜ್ಜಿಗೆ ಕುಡಿದಳು. ಅಲ್ಲಿಗೆ ಕೇಳುವುದೂ ಹೇಳುವುದೂ ಮುಗಿಯಿತು. ಒಟ್ಟು ಒಂದು ನಿಮಿಷ ಹಿಡಿಯಲಿಲ್ಲ. ಒಬ್ಬನ ಮನೆಯಲ್ಲಿ ವಿಚಾರಿಸುವುದಾದರೂ ಎಷ್ಟು? ಅವಳು ಲೋಟ ಕೆಳಗಿಟ್ಟು ಚೀಲ ಹೆಗಲಿಗೆ ಹಾಕಿಕೊಂಡು ಹೊಸಲವರೆಗೆ ಹೋದಳು. ಅಲ್ಲಿ ನಿಂತು, ಬಾಗಿಲನ್ನು ಸ್ವಲ್ಪ ಸರಿಸಿ, ಹಿಂದಿನ ಗೋಡೆಯ ಮೇಲೆ ಬಾಲ ಚಾಚಿಕೊಂಡಿದ್ದ ಎರಡನ್ನು ನೋಡಿದಳು.

“ಅಜ್ಜಿ ಈ ಸಲ ಎಲ್ಲಿಗೆ ಹೋಗಿದಾರೆ ತಾತ?”

ಲಕ್ಷ್ಮಣಪ್ಪ ಮೇಲುಹೊದಿಕೆಯ ಚುಂಗಿನಿಂದ ಕನ್ನಡಕ ಒರೆಸಿದ. ಒರೆಸಿ ಹಣೆಗೆ ಏರಿಸಿದ.

“ರಾಮೇಶ್ವರ,” ಎಂದ. “ಸಮುದ್ರ ನೋಡ್ಬೇಕು ಅಂತಿದ್ಲು.”

“ಬರೋದು ಯಾವಾಗ?”

“ಅವಸರ ಏನಿಲ್ಲ. ನಿಧಾನಕ್ಕೆ ನೋಡ್ಕೊಂಡು ಬರ್ಲಿ.”

“ಆ ಕಡೆ ಸೊಳ್ಳೆ ಜಾಸ್ತಿ ಇರತ್ತೆ. ಪರದೆ ತಗೊಂಡೋದ್ರಾ?”

ಅವನು ಮಾಡಿನ ಕಡೆ ನೋಡಿದ. ಪೊಟ್ಟಣ ಇಟ್ಟ ಹಾಗೆಯೇ ಇತ್ತು.

“ಇಲ್ಲಮ್ಮ,” ಎಂದ. “ನನಗೆ ಬಿಟ್ಟೋಗಿದಾಳೆ.”

ಶಾಂತಿ ಚೀಲವನ್ನು ಮತ್ತೆ ಕೆಳಗಿಟ್ಟು, ಮನೆಯಲ್ಲಿ ಸುತ್ತಿಗೆ ಮೊಳೆ ಎಲ್ಲಿವೆ ಎಂದು ಕೇಳಿದಳು. ಎಲ್ಲಿಟ್ಟಿದ್ದೇನೆಂಬುದು ಲಕ್ಷ್ಮಣಪ್ಪನಿಗೆ ಮರೆತುಹೋಗಿತ್ತು. ಇಬ್ಬರೂ ಹುಡುಕತೊಡಗಿದರು.